ನರ್ಸಮ್ಮನ ಸೋಮವಾರಗಳು

ಹೋದ ತಿಂಗಳು ಜಗಳೂರಿನಿಂದ ಫೋನ್ ಬಂತು. ಬೆಳಗಿನ ಕಾಫಿ ಇನ್ನೂ ಕೈಯಲ್ಲೇ ಇತ್ತು. ಆ ಕಡೆ ನರ್ಸಮ್ಮನ ಯಜಮಾನರ ದನಿ ತಡೆದು ತಡೆದು, "ಟೀಚರೇ, ನಮ್ಮಾಕಿ ಹೋದ್ಲುರೀ. ನಿನ್ನೆ ಸಂಜಿಗೆ. ಎದೆ ಹಂಗೇ ನಿಂತೋತು" ಎಂದಿತು. ನಾನು ಏನು ಸಮಾಧಾನ ಹೇಳಿದೆನೋ ನೆನಪಿಲ್ಲ. ಫೋನಿಟ್ಟ ಮೇಲೆ ಮೊದಲು ಬಂದದ್ದು ಅಳುವಲ್ಲ, ಹಳೆಯ ಹೆದರಿಕೆ. ಆ ಎದೆಯ ಮೇಲೆ ಒಂದು ಸಲ ನನ್ನ ಅಂಗೈ ಇಟ್ಟು ನೋಡಿದ್ದೆ. ಅದು ಇಷ್ಟು ವರ್ಷ ಬಡಿದದ್ದೇ ಹೆಚ್ಚು ಎಂದು ನನಗೆ ಗೊತ್ತಿತ್ತು. ಆದರೂ ಕಾಫಿ ಲೋಟ ಕೆಳಗಿಡಲಾಗದೆ ಸುಮ್ಮನೆ ಹಿಡಿದುಕೊಂಡು ಕೂತೆ.

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಕಂಡರೆ ಹೆದರಿಕೆ, ಗುಡುಗಿದರೆ ಹೆದರಿಕೆ, ಶಾಲೆಗೆ ಇನ್ಸ್‌ಪೆಕ್ಟರು ಬಂದರೆ ಹೆದರಿಕೆ. ಮಳೆಗಾಲದಲ್ಲಿ ಬಸ್ಸು ಹೊನ್ನಾಳಿ ಸೇತುವೆ ದಾಟುವಾಗ ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಹೊನ್ನಾಳಿಯೇ ನನ್ನ ಹುಟ್ಟೂರು, ಆ ಹೊಳೆಯನ್ನು ನೋಡುತ್ತಲೇ ಬೆಳೆದವಳು, ಆದರೂ. ಹೀಗೆ ಬದುಕಿನುದ್ದಕ್ಕೂ ಹೆದರಬಾರದ್ದಕ್ಕೆಲ್ಲ ಹೆದರಿದ ನಾನು ಒಂದೇ ಒಂದು ಸಲ ಸರಿಯಾದದ್ದಕ್ಕೆ ಹೆದರಿದೆ. ಅದು ಈ ನರ್ಸಮ್ಮನ ವಿಷಯದಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ನ್ಯಾಮತಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಒಂದು ವಠಾರದಲ್ಲಿ ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಗೆ ಬಂದವರು ನರ್ಸಮ್ಮ. ಅವರ ಹೆಸರು ನನಗೆ ಗೊತ್ತು, ಇಲ್ಲಿ ಬೇಡ. ಊರಿನವರೂ ಹೆಸರು ಹಿಡಿದು ಕರೆದದ್ದಿಲ್ಲ. ಸವಳಂಗದ ರಸ್ತೆಯ ಹಳ್ಳಿಗಳೆಲ್ಲ ಅವರ ಪಾಲಿಗೆ ಬಂದಿದ್ದವು. ಬೆಳಿಗ್ಗೆ ಬಸ್ಸು ಹತ್ತಿದರೆ ಹಳ್ಳಿಯಿಂದ ಹಳ್ಳಿಗೆ ನಡೆದು, ಬಾಣಂತಿಯರನ್ನೂ ಬಸುರಿಯರನ್ನೂ ನೋಡಿಕೊಂಡು ಸಂಜೆಗೆ ತಿರುಗಿ ಬರುತ್ತಿದ್ದರು.

ದೊಡ್ಡ ಮೈ. ಎತ್ತರಕ್ಕೆ ತಕ್ಕ ಅಗಲ. ಅವರು ವಠಾರದ ಬಾಗಿಲಲ್ಲಿ ಕಾಲಿಟ್ಟರೆ ಹಿತ್ತಲಲ್ಲಿದ್ದವರಿಗೂ ತಿಳಿಯುತ್ತಿತ್ತು, ಏಕೆಂದರೆ ನಗು ಅವರಿಗಿಂತ ಮುಂಚೆ ಒಳಗೆ ಬರುತ್ತಿತ್ತು. ಬಸ್ಸಿನಲ್ಲಿ ಅವರ ಪಕ್ಕ ಕೂರುವವರು ಮೊದಲು ಸ್ವಲ್ಪ ಅನುಮಾನಿಸುತ್ತಿದ್ದರು. ಅವರೇ ಮಗ್ಗುಲಿನವರ ಕೂಸನ್ನು ಎಳೆದು ತೊಡೆ ಮೇಲೆ ಹಾಕಿಕೊಂಡು, "ಬರ್ರಿ ಬರ್ರಿ, ಜಾಗ ಬೇಕಾದಷ್ಟು ಐತೆ" ಎಂದು ಕೂರಿಸಿಕೊಳ್ಳುತ್ತಿದ್ದರು. ಯಾವುದಕ್ಕೂ ಹೆದರಿದವರಲ್ಲ. ಹಾವು ಕಂಡರೆ ಕೋಲು ಹುಡುಕುವ ಜಾತಿ. ನಾನು ಬಾಗಿಲ ಅಗುಳಿ ಎರಡು ಸಲ ಎಳೆದು ನೋಡುವುದನ್ನು ಕಂಡು, ಕಳ್ಳ ಬಂದರೆ ನಿಮ್ಮನ್ನು ನೋಡಿ ಅವನೇ ಸಮಾಧಾನ ಹೇಳಿ ಹೋಗುತ್ತಾನೆ ಎಂದು ಚುಡಾಯಿಸುತ್ತಿದ್ದರು.

ಅವರ ತವರು ಚನ್ನಗಿರಿ ಕಡೆ, ಸೂಳೆಕೆರೆ ದಂಡೆಯ ಒಂದು ಹಳ್ಳಿ. ಅಪ್ಪನಿಗೆ ತುಸು ಗದ್ದೆ, ಗದ್ದೆ ಕೆಲಸವಿಲ್ಲದಾಗ ಕೆರೆಗೆ ಬಲೆ. ಊರಿಗೆ ಹೋಗಿ ಬಂದರೆ ಕೆರೆಯ ಮೀನು ತರುತ್ತಿದ್ದರು. ನಮ್ಮ ವಠಾರದ ಮನೆಯೊಡತಿ ಅಜ್ಜಿ ಮಡಿವಂತೆ, ಒಳಗೆ ಮೀನು ನಡೆಯದು. ಆದರೆ ಅವರ ಮಗಳ ಕಷ್ಟದ ಹೆರಿಗೆಯನ್ನು ನರ್ಸಮ್ಮ ಮಾಡಿಸಿದ್ದರಿಂದ ಹಿತ್ತಲ ಮೂಲೆಯಲ್ಲಿ ಮೂರು ಕಲ್ಲಿಟ್ಟು ಬೇಯಿಸಿಕೊಳ್ಳಲು ಒಪ್ಪಿದ್ದರು. ಆ ದಿನ ನಾನು ಮೂಗಿಗೆ ಸೆರಗು ಒತ್ತಿಕೊಂಡು ಓಡಾಡುತ್ತಿದ್ದೆ. ನರ್ಸಮ್ಮ ಅನ್ನಕ್ಕೆ ಮೀನುಸಾರು ಕಲಸಿ, ಗೋಡೆಗೊರಗಿ, ಕಾಲು ಚಾಚಿ ಉಣ್ಣುವುದನ್ನು ದೂರದಿಂದ ನೋಡಲು ಮಾತ್ರ ನನಗೆ ಇಷ್ಟ. ಅಷ್ಟು ಸಂತೋಷದಿಂದ ಉಣ್ಣುವವರನ್ನು ನಾನು ಆಮೇಲೆ ನೋಡಿಲ್ಲ.

ಅವರ ಕೆಲಸದ ರೀತಿಯೂ ಬೇರೆ. ಬಸುರಿಯ ಮನೆಗೆ ಹೋದರೆ ಮೊದಲು ಒಲೆಯ ಹತ್ತಿರ ಹೋಗಿ ಮಡಕೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಆಮೇಲೆ ಬಸುರಿಯನ್ನು ನೋಡುವುದು. ನಮ್ಮ ಕಡೆ ಆಗ ಒಂದು ನಂಬಿಕೆ ಗಟ್ಟಿಯಾಗಿತ್ತು. ಬಸುರಿ ಹೊಟ್ಟೆತುಂಬ ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ, ಅದಕ್ಕೆ ಕಡಿಮೆ ಉಣ್ಣಬೇಕು ಎಂದು. ಅತ್ತೆಯರು ಸೊಸೆಯರ ತಟ್ಟೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಒಂದು ರಜೆಯ ದಿನ ನಾನೂ ಅವರ ಜೊತೆ ಹೋಗಿದ್ದೆ. ಒಂದು ಮನೆಯಲ್ಲಿ ಅತ್ತೆ ಸೊಸೆಗೆ ಅರ್ಧ ಮುದ್ದೆ ಇಟ್ಟಿದ್ದಳು. ನರ್ಸಮ್ಮ ಆ ತಟ್ಟೆಯನ್ನು ಹಾಗೇ ತಂದು ಅತ್ತೆಯ ಮುಂದಿಟ್ಟು, ಇಷ್ಟು ಉಂಡು ನೀವು ಕಳೆ ಕೀಳಲು ಹೋಗುತ್ತೀರಾ ಎಂದು ಕೇಳಿದರು. ಅತ್ತೆ ಕೂಸು ದಪ್ಪವಾಗುವ ಮಾತು ತೆಗೆದಳು. ಅದಕ್ಕೆ ನರ್ಸಮ್ಮ, "ದಪ್ಪ ಆದ್ರೆ ಹೊರಗೆ ತರಾಕೆ ನಾನಿದೀನಿ. ಒಳಗೇ ಸೊರಗಿದ್ರೆ ಯಾರು ತರ್ತಾರವ್ವಾ?" ಎಂದರು. ದನಿ ಏರಿಸಲಿಲ್ಲ. ಅತ್ತೆ ಎದ್ದು ಹೋಗಿ ಇನ್ನೊಂದು ಮುದ್ದೆ ತಂದಳು.

ಇಂಥವರಿಗೆ ಗಂಡು ಸಿಕ್ಕಿರಲಿಲ್ಲ. ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಹೇಳಿ ಕಳಿಸುತ್ತಿರಲಿಲ್ಲ. ಒಬ್ಬ ಮಾತ್ರ ಮಧ್ಯಸ್ಥರ ಹತ್ತಿರ ಬಾಯಿಬಿಟ್ಟು, ಹುಡುಗಿ ಬಹಳ ದಪ್ಪ ಎಂದು ಕಾರಣ ಹೇಳಿದ್ದನಂತೆ. ಅದನ್ನು ನರ್ಸಮ್ಮ ನನಗೆ ಹೇಳುವಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವರಿಗಿಂತ ಚಿಕ್ಕ ತಂಗಿ ಮನೆಯಲ್ಲಿದ್ದಳು, ಅಕ್ಕನದಾಗದೆ ಅವಳದು ಮಾಡುವ ಹಾಗಿರಲಿಲ್ಲ. ಆ ಮಾತು ಬಂದಾಗ ಮಾತ್ರ ಅವರು ನಗುತ್ತಿರಲಿಲ್ಲ.

ಆಮೇಲೆ ಜಗಳೂರಿನವರು ಬಂದರು. ಹುಡುಗ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್, ಮಾತು ಕಡಿಮೆ, ಕಣ್ಣು ಒಳ್ಳೆಯವು. ನನ್ನನ್ನೂ ಸೂಳೆಕೆರೆ ಕಡೆಯ ಅವರ ಊರಿಗೆ ಕರೆದಿದ್ದರು. ಯುಗಾದಿ ಕಳೆದ ಬಿಸಿಲು. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತಿದ್ದೆವು. ಹುಡುಗ ಒಪ್ಪಿದ್ದೇನೆ ಎಂದು ತಲೆ ಅಲ್ಲಾಡಿಸಿದ. ನರ್ಸಮ್ಮನ ಅಪ್ಪ ಕಣ್ಣೊರೆಸಿಕೊಂಡರು. ಹುಡುಗನ ತಾಯಿ ಎಲೆಅಡಿಕೆ ಬಾಯಿಗಿಟ್ಟುಕೊಳ್ಳುತ್ತ, "ಹುಡುಗಿ ಲಕ್ಷಣವಾಗೈತೆ. ಮದುವಿ ಹೊತ್ತಿಗೆ ಚೂರು ಇಳಿದ್ರೆ ಜೋಡಿ ಚೆಂದ ಕಾಣ್ತೈತೆ" ಎಂದರು. ಹೇಳಿ ತಾವೇ ನಕ್ಕರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನರ್ಸಮ್ಮ. ಮದುವೆ ದೀಪಾವಳಿ ಆದ ಮೇಲೆ ಎಂದು ಗೊತ್ತಾಯಿತು.

ನ್ಯಾಮತಿಗೆ ಬಂದ ಮೇಲೆ ಅವರು ರಾತ್ರಿಯೂಟ ಬಿಟ್ಟರು. ಮದುವೆ ಹುಡುಗಿ, ಸ್ವಲ್ಪ ಇರಲಿ ಎಂದುಕೊಂಡೆ. ಮೀನು ಬಿಟ್ಟರು. ನನ್ನ ಮೂಗಿಗೆ ನೆಮ್ಮದಿ ಎಂದು ಚುಡಾಯಿಸಿದೆ. ಸೋಮವಾರ ಉಪವಾಸ ಹಿಡಿದರು. ಅಲ್ಲಿಗೆ ಅಜ್ಜಿಗೆ ಖುಷಿಯೋ ಖುಷಿ. ಮೀನು ತಿನ್ನುವ ಹುಡುಗಿಗೆ ದೇವರ ದಾರಿ ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡು ಬಂದರು. ನರ್ಸಮ್ಮನಿಗೆ ಅದು ಅನುಕೂಲವಾಯಿತು. ಶುಕ್ರವಾರ ಸೇರಿತು, ಶನಿವಾರ ಸೇರಿತು. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ. ಶ್ರಾವಣ ಬಂದಾಗ ಅವರು ಉಣ್ಣುವ ದಿನ ಯಾವುದು ಎಂದು ನಾನು ಹುಡುಕಬೇಕಾಗಿತ್ತು.

ಇದರಲ್ಲಿರುವ ಮೋಸ ನೋಡಿ. ಒಬ್ಬ ಹೆಣ್ಣುಮಗಳು ನಾನು ಸಣ್ಣಗಾಗಲು ಊಟ ಬಿಟ್ಟಿದ್ದೇನೆ ಎಂದರೆ ಹತ್ತು ಜನ ಬುದ್ಧಿ ಹೇಳುತ್ತಾರೆ. ದೇವರಿಗೆ ಎಂದರೆ ಅದೇ ಹತ್ತು ಜನ ಕೈ ಮುಗಿಯುತ್ತಾರೆ. ನರ್ಸಮ್ಮನನ್ನು ಮುತ್ತೈದೆಯರು ಮನೆಗೆ ಕರೆದು ಕುಂಕುಮ ಕೊಡತೊಡಗಿದರು, ಮದುವೆಗೆ ಮುಂಚೆಯೇ. ಮುಖದಲ್ಲಿ ಕಳೆ ಬಂದಿದೆ ಎಂದರು. ನನಗೆ ಕಂಡದ್ದು ಕಳೆಯಲ್ಲ, ಕೆನ್ನೆಯ ಮೂಳೆ. ಕಣ್ಣಿನ ಕೆಳಗೆ ಕಪ್ಪು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಎಂಥ ಸೆಖೆಯಲ್ಲೂ ಅವರ ಕೈ ತಣ್ಣಗಿರುತ್ತಿತ್ತು. ಬೆಳಗಿನ ಜಾವ ಗೋಡೆಯಾಚೆಯಿಂದ ನರಳುವ ಸದ್ದು ಬರುತ್ತಿತ್ತು. ಓಡಿ ಹೋಗಿ ನೋಡಿದರೆ ಕಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತಿತ್ತು. ನಾನು ತಿಕ್ಕುತ್ತಿದ್ದೆ. ಅವರು ಗೋಡೆ ನೋಡುತ್ತಿದ್ದರು.

ನಗು ಯಾವಾಗ ನಿಂತಿತೆಂದು ಹೇಳಲಾರೆ. ಒಂದು ಸಂಜೆ ಅವರು ಒಳಗೆ ಬಂದು ಬೀಗ ತೆಗೆಯುವವರೆಗೂ ಬಂದದ್ದು ನನಗೆ ತಿಳಿಯಲಿಲ್ಲ. ಸವಳಂಗದ ಕಡೆಯ ಒಬ್ಬ ಬಸುರಿ ಸಂತೆಯಲ್ಲಿ ಸಿಕ್ಕಿ, ನರ್ಸಮ್ಮ ಈಗ ಮಡಕೆ ಮುಟ್ಟುವುದಿಲ್ಲ, ಅಡಿಗೆ ವಾಸನೆ ಬಂದರೆ ಬಾಗಿಲಲ್ಲೇ ನಿಲ್ಲುತ್ತಾರೆ ಎಂದಳು. ನಾನು ಅಜ್ಜಿಯ ಹತ್ತಿರ ಹೋಗಿ, ಇದು ವ್ರತದ ಹಾಗೆ ಕಾಣುತ್ತಿಲ್ಲ, ನೀವಾದರೂ ಹೇಳಿ ಎಂದೆ. ವ್ರತ ಮಾಡುವವರನ್ನು ಆಡಿಕೊಳ್ಳಬಾರದು ಎಂದು ಅಜ್ಜಿ ನನಗೇ ಬೈದರು.

ಶ್ರಾವಣದ ಕೊನೆಯ ವಾರದಲ್ಲಿ ಗುಟ್ಟು ಬಯಲಾಯಿತು. ತಲೆನೋವೆಂದು ಮಾತ್ರೆ ಕೇಳಲು ಅವರ ಕೋಣೆಗೆ ಹೋದೆ. ಅವರು ಹಿತ್ತಲಿಗೆ ಹೋಗಿದ್ದರು, ಅದೂ ಆಗ ದಿನಕ್ಕೆ ಹತ್ತಾರು ಸಲ. ಕಿಟಕಿಯಲ್ಲಿ ಹರಳೆಣ್ಣೆ ಬಾಟಲಿ. ಅದರ ಪಕ್ಕದಲ್ಲಿ ಕಾಗದದ ಪೊಟ್ಟಣ, ಒಳಗೆ ಬಿಳಿ ಮಾತ್ರೆ. ಅವರು ಬಂದಾಗ ನಾನು ಪೊಟ್ಟಣ ಹಿಡಿದೇ ನಿಂತಿದ್ದೆ. ಅವರು ಮುಚ್ಚಿಡಲಿಲ್ಲ. ಕಾಲು ಬಾತವರಿಗೆ, ಎದೆ ರೋಗದವರಿಗೆ ಮೈನೀರು ಇಳಿಸಲು ಡಾಕ್ಟರು ಕೊಡುವ ಮಾತ್ರೆ, ಅದರ ಜೊತೆ ವಾರಕ್ಕೆ ಎರಡು ಮೂರು ಸಲ ಹರಳೆಣ್ಣೆ, ಅಷ್ಟೇ ಎಂದರು.

ಯಾರು ಬರೆದುಕೊಟ್ಟದ್ದು ಎಂದು ಕೇಳಿದೆ.

"ಯಾರು ಬರೀಬೇಕು? ನನಗೆ ಗೊತ್ತಿಲ್ವಾ ಟೀಚರೇ ಎಷ್ಟು ತಗಾಬೇಕು ಅಂತ?" ಎಂದರು.

ಅದೇ ನನ್ನನ್ನು ಹೆಚ್ಚು ಹೆದರಿಸಿತು. ತಿಳಿಯದವರಾಗಿದ್ದರೆ ತಿಳಿಸಬಹುದಿತ್ತು. ಇವರು ಎಲ್ಲ ಬಲ್ಲವರು. ಮುಟ್ಟು ನಿಂತು ಎಷ್ಟು ದಿನವಾಯಿತು, ಅದು ಯಾಕೆ ನಿಂತಿತು ಎಂದೂ ಬಲ್ಲವರು. ಇದೇ ಲಕ್ಷಣ ಇನ್ನೊಬ್ಬಳಲ್ಲಿ ಕಂಡಿದ್ದರೆ ಬಸ್ಸಿಗೆ ಕಾಯದೆ ಎತ್ತಿಕೊಂಡು ಓಡುತ್ತಿದ್ದವರು. ತಮ್ಮ ಮೈಯನ್ನು ಮಾತ್ರ ಬೇರೆ ಲೆಕ್ಕದಲ್ಲಿ ಇಟ್ಟಿದ್ದರು. ನಾನು ಅತ್ತು, ಬೈದು, ಅಪ್ಪನಿಗೆ ಹೇಳಿ ಕಳಿಸುತ್ತೇನೆಂದು ಹೆದರಿಸಿದೆ. ಆಗ ಅವರು ನನ್ನ ಕೈ ಹಿಡಿದು ಎದೆಯ ಮೇಲೆ ಇಟ್ಟುಕೊಂಡರು. ಒಳಗೆ ಬಡಿತ ಒಂದು ಲಯದಲ್ಲಿರಲಿಲ್ಲ. ನಾಲ್ಕು ಸಲ ಗಡಬಡಿಸಿ ಓಡಿ, ನಿಂತು, ಇನ್ನು ಬರುವುದೇ ಇಲ್ಲವೇನೋ ಎನ್ನುವಾಗ ಒಂದು ಸಲ ದಪ್ಪನೆ ಒದೆಯುತ್ತಿತ್ತು. "ನಂಗೂ ಹೆದರಿಕಿ ಆಗ್ತೈತೆ," ಎಂದರು ಮೆಲ್ಲಗೆ. "ಆದ್ರೆ ಇದನ್ನ ಬಿಟ್ರೆ ಮತ್ತೆ ದಪ್ಪ ಆಗ್ತೀನಿ ಅನ್ನೋದು ಅದಕ್ಕಿಂತ ದೊಡ್ಡ ಹೆದರಿಕಿ."

ಮಂಗಳವಾರದ ಪೂಜೆಯೊಂದು ಆಗಲಿ, ಆಮೇಲೆ ಮಾತ್ರೆ ನಿಲ್ಲಿಸಿ ಶಿವಮೊಗ್ಗದ ಡಾಕ್ಟರಿಗೆ ತೋರಿಸುತ್ತೇನೆ ಎಂದು ಒಪ್ಪಿದರು. ಪೊಟ್ಟಣವನ್ನು ನಾನು ಕಿತ್ತುಕೊಂಡೆ. ಬ್ಯಾಗಿನಲ್ಲಿ ಇನ್ನೊಂದು ಇತ್ತು ಎಂದು ಆಮೇಲೆ ತಿಳಿಯಿತು.

ಮಂಗಳವಾರ ಸಂಜೆ ಊರಮ್ಮನ ಗುಡಿಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ತಮಟೆ, ಧೂಪದ ಹೊಗೆ. ನರ್ಸಮ್ಮ ಕಂಬಕ್ಕೆ ಒರಗಿ ನಿಂತಿದ್ದರು, ನಾನು ಪಕ್ಕದಲ್ಲಿ. ಮಂಗಳಾರತಿಯ ಹೊತ್ತಿಗೆ ಅವರ ತುಟಿ ಬಿಳುಚಿತು. ಬೆರಳುಗಳು ತಾವಾಗಿ ಮಡಚಿಕೊಂಡು ಸೆಟೆದವು. ಮೈ ಕಂಪಿಸತೊಡಗಿತು. ಕಣ್ಣು ಮೇಲೆ ಹೋಯಿತು. ನಾನು ಹಿಡಿಯುವಷ್ಟರಲ್ಲಿ ಕಂಬದ ಬುಡಕ್ಕೆ ಕುಸಿದರು.

ಯಾರೋ "ಅಮ್ಮ ಬಂದ್ಲು" ಎಂದರು.

ಅಷ್ಟೇ ಸಾಕಾಯಿತು. ತಮಟೆ ಜೋರಾಯಿತು. ಹೆಂಗಸರು ಸುತ್ತ ನಿಂತು ಕೈ ಮುಗಿದರು. ಹಣೆಗೆ ಅರಿಸಿನ, ಕೈಗೆ ಬೇವಿನ ಸೊಪ್ಪು. ಆ ಸೆಟೆದ ಬೆರಳಿನಲ್ಲಿ ಸೊಪ್ಪು ನಿಲ್ಲದೆ ಬಿದ್ದರೆ ಮತ್ತೆ ಇಟ್ಟರು. ಇಷ್ಟು ದಿನದ ಉಪವಾಸದ ಫಲ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು ಮುಂದೆ ಬಂದು ಅಡ್ಡ ಬಿದ್ದು, ತನ್ನ ಮಗನಿಗೆ ಕೆಲಸ ಯಾವಾಗ ಸಿಗುತ್ತದೆ ಎಂದು ಕೇಳಿದಳು. ಸಾಯುತ್ತಿದ್ದವರ ಹತ್ತಿರ ಕೇಳಿದಳು. ನಾನು ನೀರಿನ ಚೆಂಬು ಹಿಡಿದು ನುಗ್ಗಿದೆ, ಅಮ್ಮ ಇಳಿಯುವವರೆಗೆ ಮುಟ್ಟುವಂತಿಲ್ಲ ಎಂದು ಎಳೆದು ನಿಲ್ಲಿಸಿದರು. ಇದು ಅಮ್ಮನಲ್ಲ, ಹಸಿವು, ಮಾತ್ರೆ ಎಂದು ಕೂಗಿದೆ. ತಮಟೆಯಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕೇಳಿದವರು ಮೈಲಿಗೆ ಮಾತು ಆಡಬೇಡ ಎಂದು ಗದರಿದರು. ಅವರ ಎದೆ ಆಡುತ್ತಿದೆಯೋ ಇಲ್ಲವೋ ಎಂದು ಜನರ ತೋಳಿನ ಸಂದಿಯಿಂದ ನೋಡುತ್ತಿದ್ದೆ. ಬದುಕಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಅಜ್ಜಿ ಮುಂದಿನ ಸಾಲಿನಲ್ಲಿದ್ದರು. ಹೇಗೋ ತೂರಿಕೊಂಡು ಹೋಗಿ ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಹರಳೆಣ್ಣೆ, ಮೈನೀರಿನ ಮಾತ್ರೆ, ತಪ್ಪುವ ಎದೆಬಡಿತ, ಎಲ್ಲ. ದೇವರಿಗಲ್ಲ ಅಜ್ಜಿ, ಜಗಳೂರಿನವರಿಗೆ ಎಂದೆ. ಅಜ್ಜಿ ನನ್ನ ಮುಖ ನೋಡಿದರು. ನರ್ಸಮ್ಮನನ್ನು ನೋಡಿದರು. ತಾವೇ ಹೊಗಳಿ ಹೊಗಳಿ ಬೆಳೆಸಿದ ವ್ರತ ಅದು. ಆಮೇಲೆ ಕೈ ಎತ್ತಿದರು, ತಮಟೆ ನಿಂತಿತು.

"ಅಮ್ಮಗೆ ಬಾಯಾರಿಕಿ ಆಗೈತೆ. ಅಮ್ಮ ಶಿವಮೊಗ್ಗಕ್ಕೆ ಹೊರಟಾಳೆ. ದಾರಿ ಬಿಡ್ರಿ" ಎಂದರು.

ನನ್ನ ಸತ್ಯಕ್ಕೆ ಒಂದಿಂಚು ಸರಿಯದ ಜನ ಅಜ್ಜಿಯ ಆ ಮಾತಿಗೆ ಎರಡು ಹೋಳಾಗಿ ನಿಂತರು. ಅಕ್ಕಿ ಗಿರಣಿಯವರ ಮೆಟಡೋರ್ ಬಂತು. ನಾಲ್ಕು ಜನ ಎತ್ತಿ ಮಲಗಿಸಿದರು, ಯಾರೂ ಅಮ್ಮನನ್ನು ಮುಟ್ಟಲು ಹಿಂಜರಿಯಲಿಲ್ಲ. ಅಜ್ಜಿ ಒಳಗೆ ಹತ್ತಿ ನರ್ಸಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡರು. ಬಾಗಿಲು ಮುಚ್ಚಿದ ಮೇಲೆ ಅವರ ದೇವಿ ಭಾಷೆಯೆಲ್ಲ ಹೋಯಿತು. ನನ್ನ ಮಗಳನ್ನು ಉಳಿಸಿದವಳು, ನಾನೇ ಕೊಂದೆ ಎಂದು ಶಿವಮೊಗ್ಗದವರೆಗೂ ಅಳುತ್ತಿದ್ದರು. ನಾನು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಲೇ ಕೂತಿದ್ದೆ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು. ಬ್ಯಾಗಿನಲ್ಲಿದ್ದ ಇನ್ನೊಂದು ಪೊಟ್ಟಣ ನೋಡಿದ ತಕ್ಷಣ ಅವರಿಗೆ ಅರ್ಥವಾಯಿತು. ನರ್ಸಮ್ಮನಿಗೆ ಎಚ್ಚರ ಬಂದ ಮೇಲೆ ಮಂಚದ ಪಕ್ಕ ನಿಂತು ಹೇಳಿದರು: "ಇಳಿದಿದ್ದು ಕೊಬ್ಬಲ್ಲಮ್ಮ. ಮೈಯಲ್ಲಿರೋ ನೀರು ಹೋಗಿದೆ, ಅದರ ಜೊತೆ ರಕ್ತದಲ್ಲಿರೋ ಪೊಟ್ಯಾಸಿಯಂ ಹೋಗಿದೆ. ಅದಿಲ್ಲದೆ ಎದೆ ಬಡಿಯೋಕಾಗಲ್ಲ. ನೀನು ನರ್ಸು, ನಿನಗೆ ನಾನು ಹೇಳಬೇಕಾ?" ನರ್ಸಮ್ಮ ಕಣ್ಣು ಮುಚ್ಚಿಕೊಂಡರು. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ, ಎದೆ ಮೊದಲಿನಂತೆ ಆಗುತ್ತದೆಂದು ಹೇಳಲಾಗದು ಎಂದು ಹೊರಗೆ ನಮಗೆ ಹೇಳಿದರು.

ಡಾಕ್ಟರು ಹೋದ ಮೇಲೆ ನರ್ಸಮ್ಮ ನನ್ನನ್ನು ಹತ್ತಿರ ಕರೆದರು. ನೀರು ಬೇಕೇನೋ, ಅಪ್ಪನನ್ನು ನೋಡಬೇಕೇನೋ ಎಂದು ಬಗ್ಗಿದೆ. ತೋಳಿಗೆ ಚುಚ್ಚಿದ್ದ ಡ್ರಿಪ್ಪಿನ ನಳಿಕೆಯನ್ನು ಕಣ್ಣಿನಲ್ಲೇ ತೋರಿಸಿ, "ಇದರಿಂದ ತೂಕ ಏರ್ತೈತಾ ಟೀಚರೇ?" ಎಂದು ಕೇಳಿದರು. ನನಗೆ ಗುಡಿಯಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆ ಆ ಮಾತಿಗೆ ಆಯಿತು. ಗುಡಿಯಲ್ಲಿ ಹೋಗುತ್ತಿದ್ದದ್ದು ಜೀವ, ಅದನ್ನು ಎತ್ತಿ ಮೆಟಡೋರಿಗೆ ಹಾಕಬಹುದಿತ್ತು. ಇದನ್ನು ಎಲ್ಲಿಗೆ ಒಯ್ಯುವುದು ಎಂದು ತಿಳಿಯಲಿಲ್ಲ.

ಜಗಳೂರಿನಿಂದ ಹುಡುಗನೂ ತಾಯಿಯೂ ಬಂದರು. ಆ ತಾಯಿ ಮಂಚದ ಮೇಲಿದ್ದವರನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟರು. ಯಾಕೆ ಹೀಗೆ ಮಾಡಿಕೊಂಡಳು ಎಂದು ನನ್ನನ್ನು ಕೇಳಿದರು. ನಾನು ಪಡಸಾಲೆಯಲ್ಲಿ ಅವರಾಡಿದ, ಚೂರು ಇಳಿದರೆ ಎಂಬ ಮಾತು ನೆನಪಿಸಿದೆ. ಆಕೆ ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ನಾಟಕವಲ್ಲ. "ನಾನು ಹಂಗಂದ್ನಾ? ಯಾವಾಗ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಹುಡುಗ ಹೊರಗೆ ಹೋಗಿ ಎಳನೀರು ಕೊಚ್ಚಿಸಿ ತಂದು, ಲೋಟಕ್ಕೆ ಬಗ್ಗಿಸಿ, ಕುಡಿಯುವವರೆಗೂ ಹಿಡಿದು ನಿಂತ. ಮದುವೆ ದೀಪಾವಳಿಗೆ ಆಗಲಿಲ್ಲ, ಮುಂದಿನ ವರ್ಷ ಆಯಿತು. ನರ್ಸಮ್ಮ ವರ್ಗ ಮಾಡಿಸಿಕೊಂಡು ಜಗಳೂರಿಗೆ ಹೋದರು. ಆ ಕೋಣೆಗೆ ಬೇರೆ ಯಾರೋ ಬಂದರು, ಅವರು ಮಾತೇ ಆಡುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಪರೀಕ್ಷೆಯ ಡ್ಯೂಟಿ ಮೇಲೆ ನನ್ನನ್ನು ಜಗಳೂರಿಗೆ ಹಾಕಿದರು. ಮೊದಲ ದಿನವೇ ಅವರ ಮನೆಗೆ ಹೋದೆ. ಮೆಟ್ಟಿಲು ಹತ್ತಿ ಬಂದವರ ಹಾಗೆ ಸ್ವಲ್ಪ ಮಾತಿಗೂ ಏದುಸಿರು, ಆದರೆ ನಗು ಅರ್ಧಕ್ಕಾದರೂ ತಿರುಗಿ ಬಂದಿತ್ತು. ಅಲ್ಲಿಯ ಹಳ್ಳಿಗಳಲ್ಲೂ ಬಸುರಿಯರ ತಟ್ಟೆಗೆ ಜಗಳವಾಡುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು. ನನಗೆ ರೊಟ್ಟಿ ಬಡಿಸಿದರು. ತಾವು ಕೂರಲಿಲ್ಲ. ಆಮೇಲೆ ಉಣ್ಣುತ್ತೇನೆ ಎಂದರು. ಅವರ ಯಜಮಾನರು ಇನ್ನೊಂದು ತಟ್ಟೆ ತಂದಿಟ್ಟು ಕೆಲಸಕ್ಕೆ ಹೋದರು. ಮಗಳು ಆಗ ಒಂದನೇ ಕ್ಲಾಸು. ತಾಯಿಯ ಅದೇ ದೊಡ್ಡ ಕಣ್ಣು, ಅದೇ ಅಗಲ ಮೂಳೆ. ಅಷ್ಟು ವಯಸ್ಸಿಗೆ ಇರಬೇಕಾದ ದುಂಡು ಕೆನ್ನೆ ಮಾತ್ರ ಇರಲಿಲ್ಲ.

ನಾನು ಹೊನ್ನಾಳಿಯಿಂದ ರವೆ ಉಂಡೆ ಮಾಡಿಸಿಕೊಂಡು ಹೋಗಿದ್ದೆ. ಡಬ್ಬಿ ತೆಗೆದು ಮಗುವಿಗೆ ಒಂದು ಕೊಟ್ಟೆ. ಅದು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿತು. "ಇವತ್ತು ಸೋಮವಾರ ಅಲ್ವಾ ದೊಡ್ಡಮ್ಮ, ನಂದು ಉಪವಾಸ" ಎಂದಿತು. ನನಗೆ ನಗು ಬಂತು. ಯಾವ ದೇವರಿಗೆ ಪುಟ್ಟಿ ಎಂದು ಕೇಳಿದೆ.

"ದೇವ್ರಿಗಲ್ಲ. ಅವ್ವನಂಗೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ನರ್ಸಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದುಕೊಂಡು ನಿಂತರು. ಅವರು ಯಾವತ್ತೂ ಮಗುವಿಗೆ ಊಟ ಬಿಡು ಎಂದವರಲ್ಲ. ಆಮೇಲೆ ಅವರೇ ನನ್ನ ಕೈ ಹಿಡಿದು ಪ್ರಮಾಣ ಮಾಡಿ ಹೇಳಿದರು, ನಾನು ನಂಬಿದೆ. ಆ ಮಗುವಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ದಿನಾ ನೋಡುತ್ತಿತ್ತು. ತಾಯಿ ಬಡಿಸುವುದನ್ನು, ಕೂರದೆ ಇರುವುದನ್ನು, ಸೋಮವಾರ ಎನ್ನುವುದನ್ನು, ಕನ್ನಡಿಯ ಮುಂದೆ ಅಡ್ಡ ತಿರುಗಿ ಹೊಟ್ಟೆ ಒತ್ತಿ ನೋಡಿಕೊಳ್ಳುವುದನ್ನು. ಆ ಪುಟ್ಟ ಎದೆಯ ಮೇಲೆ ಕೈಯಿಟ್ಟು ನೋಡಬೇಕು ಎನಿಸಿತು, ಧೈರ್ಯ ಸಾಲಲಿಲ್ಲ.

ನರ್ಸಮ್ಮ ಬಂದು ನೆಲದ ಮೇಲೆ ಕೂತರು. ಡಬ್ಬಿಯಿಂದ ಒಂದು ಉಂಡೆ ತೆಗೆದುಕೊಂಡರು. ರವೆ ಸೀರೆಯ ಮೇಲೆ ಉದುರಿತು. ಹಾವಿಗೆ ಹೆದರದ ಆ ಹೆಂಗಸು ಆ ಉಂಡೆಯನ್ನು ನೋಡುತ್ತ ಬೆವರುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡು ಕಚ್ಚಿದರು. ಬಹಳ ಹೊತ್ತು ಅಗಿದರು. ಕಣ್ಣಿನಿಂದ ನೀರು ಇಳಿದು ಅಗಿಯುವ ಬಾಯಿಗೇ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗು ಹತ್ತಿರ ಬಂದು ತಾಯಿಯ ಗಂಟಲನ್ನೇ ನೋಡುತ್ತ ನಿಂತಿತು. ನಾನೂ ಅದನ್ನೇ ನೋಡುತ್ತಿದ್ದೆ.

ಅವರು ನುಂಗಿದರು. ಮಗು ಬೆನ್ನ ಹಿಂದಿನಿಂದ ಒಂದು ಕೈ ಮುಂದೆ ತಂದು, "ನಂಗೂ ಕೊಡವ್ವಾ" ಎಂದಿತು.